ಸುಮ್ಮನೆ ಕೂತ ಐದು ನಿಮಿಷ

ಊರೆಲ್ಲ ನನ್ನನ್ನು ಸಿಸ್ಟರ್ ಎನ್ನುತ್ತದೆ. ಬ್ಯಾಡಗಿ ಬಸ್ ಸ್ಟ್ಯಾಂಡಿನ ಹತ್ತಿರ ಸೈಕಲ್ ಅಂಗಡಿ ಇಟ್ಟಿದ್ದ ಮಹಮ್ಮದಗೌಸ ಮಾತ್ರ ಒಮ್ಮೆಯೂ ಹಾಗೆನ್ನಲಿಲ್ಲ. ‘ನರ್ಸಬಾಯಾರ’ ಎನ್ನುತ್ತಿದ್ದ. ಅದನ್ನು ನಾನು ಗಮನಿಸಿದ್ದೇನೆಂದು ಅವನಿಗೂ ಗೊತ್ತಿತ್ತು.

ಅವನ ತಾಯಿ ರಸೂಲಬಿಗೆ ಬಿ.ಪಿ. ವಾರಕ್ಕೊಮ್ಮೆ ಡ್ಯೂಟಿ ಮುಗಿಸಿ ಮನೆಗೆ ಹೋಗಿ ನೋಡುತ್ತಿದ್ದೆ. ಪ್ರತಿ ಸಲವೂ ನೂರಾ ಎಪ್ಪತ್ತು. ಡಾಕ್ಟರು ಗುಳಿಗೆ ಹೆಚ್ಚಿಸಿದರು. ಎರಡೇ ದಿನಕ್ಕೆ, ಮೆಣಸಿನಕಾಯಿ ತೊಟ್ಟು ಮುರಿಯುತ್ತ ಕೂತವಳು ಎದ್ದು ನಿಲ್ಲುವಾಗ ತಲೆ ತಿರುಗಿ ಬಿದ್ದಳು. ಗುಳಿಗೆ ಹೆಚ್ಚಾಗಿ ಬಿ.ಪಿ. ಇಳಿದರೆ ಹಾಗಾಗುತ್ತದೆ. ನನಗೆ ಹಟ ಬಂತು. ನಿಜವಾದ ಅಂಕಿ ಸಿಗುವ ತನಕ ಬಿಡುವುದಿಲ್ಲವೆಂದು, ನನ್ನ ಬಿ.ಪಿ. ಮಷಿನ್ನನ್ನೇ ಅವರಲ್ಲಿ ಬಿಟ್ಟು ಗೌಸನಿಗೆ ಕಲಿಸಿದೆ. ಮೊದಲು ಐದು ನಿಮಿಷ ಸುಮ್ಮನೆ ಕೂರಿಸಬೇಕು, ಮಾತಾಡಿಸಬಾರದು, ಆಮೇಲೆ ತೋಳಿಗೆ ಪಟ್ಟಿ.

ಮೊದಲ ದಿನ ಸೈಕಲ್ಲಿಗೆ ಹೊಡೆದಂತೆಯೇ ಗಾಳಿ ಹೊಡೆದ. ಪಾದರಸ ತುದಿ ಮುಟ್ಟಿತು, ರಸೂಲಬಿ ಮಗನ ಬೆನ್ನಿಗೆ ಗುದ್ದಿದಳು. ಆದರೆ ಅವನ ಕಿವಿ ಚುರುಕು. ಟ್ಯೂಬನ್ನು ನೀರಿಗೆ ಅದ್ದದೆ, ಕಿವಿಯಿಟ್ಟೇ ಪಂಕ್ಚರ್ ಹುಡುಕುವವನು.

ವಾರವಿಡೀ ಬರೆದಿಟ್ಟ. ನೂರಾ ಮೂವತ್ತರ ಆಸುಪಾಸು. ನಾನು ನೋಡಿದರೆ ಮತ್ತೆ ನೂರಾ ಎಪ್ಪತ್ತು. ನಿನ್ನದೇ ತಪ್ಪು ಎಂದು ಸಿಡುಕಿದೆ.

“ಹಂಗಾರ ನಿಮ್ದ ನೋಡತೇನಿ. ಕೈ ಕೊಡ್ರಿ.”

ಕೊಟ್ಟೆ. ಪಾದರಸದ ಮೇಲಿರಬೇಕಾದ ಕಣ್ಣು ಒಮ್ಮೆ ನನ್ನ ಮೇಲೂ ಬಂತು. ನೂರಾ ಇಪ್ಪತ್ತೆರಡು ಎಂದ. ನಾನೇ ಮತ್ತೊಮ್ಮೆ ನೋಡಿಕೊಂಡೆ. ಅಷ್ಟೇ ಇತ್ತು.

“ಎದಿ ಮಾತ್ರ ಭಾಳ ಜೋರ ಓಡಾಕತ್ತೈತ್ರಿ,” ಎಂದ ಮೆಲ್ಲಗೆ.

ಪಟ್ಟಿ ಬಿಚ್ಚಿಟ್ಟೆ. ಅವನ ಲೆಕ್ಕ ಸರಿಯಿತ್ತು. ಅಂದರೆ ನಾನು ಎದುರಿಗೆ ಕೂತಾಗ ಮಾತ್ರ ರಸೂಲಬಿಗೆ ಬಿ.ಪಿ. ಏರುತ್ತದೆ, ನನ್ನನ್ನು ಕಂಡರೆ ಆಕೆಗೆ ಆಗದು. ಸಂಕಟವಾಯಿತು. ಈ ಮನೆ ಸೇರುವ ಆಸೆ ಇಟ್ಟಿದ್ದೆ, ಸುಳ್ಳೇಕೆ ಹೇಳಲಿ. ಆದರೆ ಆಕೆ ಇನ್ನೊಮ್ಮೆ ಬೀಳಬಾರದು.

“ಖಾಲಾ, ಇನ್ನ ನಾ ಬರೂದಿಲ್ಲ. ನಿಮ್ಮ ಮಗಾನ ನೋಡಲಿ. ಗುಳಿಗಿ ವಿಚಾರ ಡಾಕ್ಟರ ಹತ್ರ ನಾ ಮಾತಾಡತೇನಿ.”

ರಸೂಲಬಿ ನನ್ನ ಸೆರಗು ಹಿಡಿದಳು.

“ನೀ ಬಂದಾಗೊಮ್ಮೆ ಇವತ್ತರ ಕೇಳಬೇಕಂತೇನಿ, ಬೇಟಿ. ನೌಕರಿ ಹುಡುಗಿ, ಸೈಕಲ್ ಅಂಗಡ್ಯಾಂವನ್ನ ಒಲ್ಲೆ ಅಂದ್ರ ಹೆಂಗ ಅಂತ ಎದಿ ಹಾರತೈತಿ. ನನ್ನ ಮಗನ್ನ ಮಾಡಿಕೊಂತಿಯೇನ?”

ಗೌಸ ಪಾದರಸ ಇಳಿದ ಮಷಿನ್ನನ್ನೇ ನೋಡುತ್ತ ನಿಂತಿದ್ದ.

“ಮಾಡಿಕೊಂತೇನಿ,” ಎಂದೆ. “ಈಗ ಐದು ನಿಮಿಷ ಸುಮ್ನ ಕುಂದ್ರಿ.”

ಮೂವರೂ ಕೂತೆವು. ಅಷ್ಟು ಉದ್ದದ ಐದು ನಿಮಿಷವನ್ನು ನಾನು ಕಂಡಿಲ್ಲ. ಆಮೇಲೆ ರಸೂಲಬಿಗೆ ಪಟ್ಟಿ ಸುತ್ತಿ ಸ್ಟೆಥಾಸ್ಕೋಪ್ ಕಿವಿಗಿಟ್ಟೆ. ನನ್ನ ಎದೆಬಡಿತದ ಹೊರತು ಏನೂ ಕೇಳಲಿಲ್ಲ. ತೆಗೆದು ಅವನ ಕೈಗೆ ಕೊಟ್ಟೆ.

ಅವನು ತಲೆ ತಗ್ಗಿಸಿ ಕೇಳಿದ. ಪಾದರಸ ನಿಧಾನ ಇಳಿಯಿತು.

“ನೂರಾ ಮೂವತ್ತು,” ಎಂದ. “ನೂರಾ ಮೂವತ್ತ ಐತಿ, ಶರೀಫಾ.”