ಇನ್ನೂ ಹೆದರುತ್ತಾನೆ

"ಬಾಗಿಲು ಹಾಕಿ! ಬೇಗ!"

ಅವನು ಅವಳಿಗೆ ಹೇಳಿದ ಮೊದಲ ಮಾತು ಇದು. ಆಗ ಅವನು ನೆಲದ ಮೇಲೆ ಬೋರಲು ಮಲಗಿ, ಅವಳ ಹೊಲಿಗೆ ಯಂತ್ರದ ಅಡಿಗೆ ತಲೆ ತೂರಿಸಿದ್ದ. ಒಳಗೆ ಮೂಲೆಯಲ್ಲಿ ಕಂದು ಬಣ್ಣದ ದೊಡ್ಡ ನಾಯಿಯೊಂದು ಮುದುಡಿಕೊಂಡು ಗಡಗಡ ನಡುಗುತ್ತಿತ್ತು.

ಅವಳು ಬಾಗಿಲು ಹಾಕಿದಳು. ಆ ಕೆಲಸವನ್ನು ಅವಳಿಗೆ ಯಾರೂ ಕಲಿಸಬೇಕಾಗಿರಲಿಲ್ಲ ಬಿಡಿ!

ಗಂಡನ ಮನೆ ಬಿಟ್ಟು ಬಂದು ಮೂರು ವರ್ಷ. ಅಣ್ಣನ ಮನೆಯ ಈ ಮಹಡಿ ಕೋಣೆಯೇ ಅವಳ ಲೋಕ. ಹೊಲಿಯುವ ಬಟ್ಟೆಯನ್ನು ಅಣ್ಣನೇ ತರುತ್ತಾನೆ, ಹೊಲಿದದ್ದನ್ನು ಅಣ್ಣನೇ ಒಯ್ಯುತ್ತಾನೆ. ಗೇಟಿನ ಬೀಗದ ಕೈ ಅವನ ಜೇಬಿನಲ್ಲಿ. "ನಿನ್ನ ಒಳ್ಳೇದಕ್ಕೇ ಕಣೇ, ಜನರ ಬಾಯಿ ಗೊತ್ತಲ್ಲ" ಎನ್ನುತ್ತಾನೆ. ಕೆಟ್ಟವನಾಗಿದ್ದರೆ ಜಗಳವಾದರೂ ಆಡಬಹುದಿತ್ತು. ಪ್ರಾಣದಂಥ ಅಣ್ಣ... ಅವನ ಹತ್ತಿರ ಏನೆಂದು ಜಗಳ ಆಡುವುದು?

ಪಕ್ಕದ ಬೀದಿಯಲ್ಲಿ ಕಳ್ಳತನವಾದ ಮೇಲೆ ನಾಯಿಯ ಯೋಚನೆ ಬಂದದ್ದೂ ಅಣ್ಣನಿಗೇ. ಪ್ರಾಣಿಗಳ ಆಶ್ರಯದಲ್ಲಿ ಜಾಗ ಸಾಲದೆ, ಹೊಸ ಮನೆ ಸಿಗುವ ತನಕ ನಾಯಿಗಳನ್ನು ನೋಡಿಕೊಳ್ಳುವವರನ್ನು ಹುಡುಕುತ್ತಿದ್ದರು. ಕಾವಲಿಗಾಯಿತು ಎಂದು ಅಣ್ಣ ಒಪ್ಪಿಕೊಂಡ. ಬಂದದ್ದು ನೋಡಿದರೆ, ಗೋದಾಮೊಂದರಲ್ಲಿ ಏಳು ವರ್ಷ ಸರಪಳಿಯಲ್ಲೇ ಬದುಕಿದ್ದ, ಬೆಕ್ಕು ಕಂಡರೂ ಬೆಚ್ಚುವ ಜೀವ!

ಆಶ್ರಯದ ವ್ಯಾನ್ ಓಡಿಸುತ್ತಿದ್ದ ಆತ ಮೈಯ ಧೂಳು ಕೊಡವಿಕೊಂಡು ಎದ್ದ. ಅವಳ ಕೈಗೆ ಒಂದಷ್ಟು ಹಾಳೆ ಕೊಟ್ಟ.

"ದಿನಾ ತುಂಬಿ ಮೇಡಂ. ಊಟ ಮಾಡಿದ್ನಾ, ಹತ್ರ ಬಂದ್ನಾ, ಹೆದರ್ತಾನಾ... ಶನಿವಾರ ಬಂದು ನೋಡಿ ಸಹಿ ಹಾಕ್ತೀನಿ. ಹೆದರಿಕೆ ಹೋಯ್ತು ಅಂತ ನೀವು ಬರೆದ ವಾರಾನೇ ಹೊಸ ಮನೆಗೆ ಕಳಿಸ್ತೀವಿ."

ಅವಳು ಅದಕ್ಕೆ 'ದೊರೆ' ಎಂದು ಹೆಸರಿಟ್ಟಳು. ದೊರೆಗಳು ಮೂರು ದಿನ ಯಂತ್ರದ ಅಡಿಯಿಂದ ಅಲ್ಲಾಡಲಿಲ್ಲ. ಅವಳು ಬೇಯಿಸಿದ ಮೊಟ್ಟೆ ಇಟ್ಟು, ಬೇರೆ ಕಡೆ ಮುಖ ತಿರುಗಿಸಿ ಕೂತರಷ್ಟೇ ತಿನ್ನುವುದು.

ಒಂಬತ್ತನೇ ದಿನ ಅವಳು ಕಾಲರ್ ಹೊಲಿಯುತ್ತಿದ್ದಾಗ ಪಾದದ ಮೇಲೆ ಏನೋ ಬೆಚ್ಚಗೆ ಕೂತಿತು... ದೊರೆಯ ಗದ್ದ! ಅವನು ಗೊರಕೆ ಹೊಡೆಯತೊಡಗಿದ. ಅವಳು ಪೆಡಲ್ ತುಳಿಯದೆ, ಒಂದು ಗಂಟೆ ಹಾಗೇ ಕೂತಳು. ಕಣ್ಣು ತುಂಬಿ ಬಂತು.

ಅಂದೇ ಹಾಳೆಯಲ್ಲಿ ಬರೆಯಬೇಕಿತ್ತು. ಪೆನ್ನು ಹಿಡಿದಳು... 'ಬರೆದರೆ ಕರೆದುಕೊಂಡು ಹೋಗ್ತಾರೆ.' ಕೈ ತಾನಾಗಿ ಬರೆಯಿತು: ಇನ್ನೂ ಹೆದರುತ್ತಾನೆ.

ಶನಿವಾರ ಆತ ಬಂದ. ದೊರೆ ಬಾಲ ಬಡಿಯುತ್ತಾ ಅವನ ಕಿವಿ ನೆಕ್ಕಿದ. ಅವಳು ಹಿಂದೆಮುಂದೆ ನೋಡುತ್ತಾ ಹಾಳೆ ಮುಂದೆ ಹಿಡಿದಳು.

ಆತ ಹಾಳೆ ನೋಡಿದ, ನಾಯಿ ನೋಡಿದ. "ಹೌದು... ತುಂಬಾನೇ ಹೆದರ್ತಾನೆ" ಎಂದು ಸಹಿ ಹಾಕಿದ.

'ಇಷ್ಟು ಪೆದ್ದನಾ ಇವನು?' ಅವಳಿಗೆ ನಗು ತಡೆಯಲಾಗಲಿಲ್ಲ.

"ಅಂಗಿದೊಂದು ಗುಂಡಿ ಕಿತ್ತುಹೋಗಿದೆ ಮೇಡಂ. ಹಾಕಿಕೊಡ್ತೀರಾ?"

ಮುಂದಿನ ವಾರ ಇನ್ನೊಂದು ಗುಂಡಿ. ಅದರ ಮುಂದಿನ ವಾರ ಮತ್ತೊಂದು. ಗುಂಡಿ ಹಾಕುವಷ್ಟು ಹೊತ್ತು ಮಾತು... ಅವನು ಸಾಕಿದ ಕುಂಟ ಆಮೆ, ಅವಳು ಎಂದೋ ಈಜು ಕಲಿಯಬೇಕೆಂದಿದ್ದದ್ದು. ಉಳಿದ ಆರು ದಿನ ಗೋಡೆಗಳೊಂದಿಗೆ ಅವಳ ಸಂಸಾರ. ಅವಳು ಪ್ರತಿದಿನ ಅದೇ ಸುಳ್ಳು ಬರೆದಳು. 'ಸರಿಯಾಗಿ ನೋಡೋದೂ ಇಲ್ಲ... ಸಹಿ ಹಾಕಿ ಕೆಲಸ ಮುಗಿಸ್ಕೊಂಡ್ರೆ ಆಯ್ತು ಇವನಿಗೆ' ಎಂದುಕೊಂಡಾಗ ಮಾತ್ರ ಒಳಗೊಳಗೇ ನೋವು.

ಆರನೇ ಶನಿವಾರ ಆತ ಬಂದಾಗ ಕೈಯಲ್ಲಿ ಕಬ್ಬಿಣದ ಬೋನಿತ್ತು.

"ನಮ್ಮ ಆಶ್ರಯದ ಡಾಕ್ಟರಮ್ಮ ಹಾಳೆಗಳನ್ನ ನೋಡಿದ್ರು. ಆರು ವಾರ ಆದ್ರೂ ಅವನು ಇಲ್ಲಿ ಹೊಂದ್ಕೊಂಡಿಲ್ಲ, ವಾಪಸ್ ತಂದು ಗೂಡಿಗೆ ಹಾಕು ಅಂದ್ರು." ಅವನು ಅವಳ ಕಣ್ಣು ತಪ್ಪಿಸಿದ.

"ಹೋಗ್ಲಿ ಬಿಡಿ," ಅಣ್ಣ ಬಾಗಿಲಲ್ಲಿ ನಿಂತು ಹೇಳಿದ. "ಬೊಗಳೋಕೂ ಬರಲ್ಲ ಅದಕ್ಕೆ."

ಬೋನು ಕಂಡದ್ದೇ ದೊರೆ ಯಂತ್ರದ ಅಡಿಗೆ ನುಗ್ಗಿ ಮತ್ತೆ ನಡುಗತೊಡಗಿದ. ಅವನನ್ನು ಉಳಿಸಿಕೊಳ್ಳಲೆಂದು ಹೇಳಿದ ಸುಳ್ಳು ಅವನನ್ನೇ ಕಂಬಿಯ ಹಿಂದೆ ದೂಡುತ್ತಿದೆಯಲ್ಲ!

"ಸುಳ್ಳು ಬರೆದಿದ್ದೆ!"

ಅಣ್ಣ ಬೆರಗಾಗಿ ನೋಡಿದ.

"ಅವನಿಗೆ ಹೆದರಿಕೆ ಹೋಗಿ ತಿಂಗಳಾಯ್ತು. ಒಳ್ಳೆ ಮನೆಗೇ ಕಳಿಸಿ, ಬೋನಿಗೆ ಬೇಡ... ಅವನು ಹೋದ್ರೆ ನನ್ನ ಶನಿವಾರಾನೂ ಹೋಗುತ್ತೆ ಅಂತ ಬರೆದೆ!" ಅಳು ಉಕ್ಕಿ ಬಂತು, ಜೊತೆಗೆ ಸಿಟ್ಟೂ. "ನಿಮಗಾದ್ರೂ ಕಣ್ಣು ಕಾಣಿಸ್ಲಿಲ್ವಾ? ನೋಡದೆ ಸಹಿ ಹಾಕಿದ್ರಲ್ಲ!"

"ಕಾಣಿಸ್ತು," ಆತ ಮೆಲ್ಲಗೆ ಹೇಳಿದ. "ಹೆದರೋ ನಾಯಿ ಯಾರ ಕಿವೀನೂ ನೆಕ್ಕಲ್ಲ."

"ಮತ್ತೆ...?"

"ಆ ಗುಂಡಿಗಳನ್ನ ನಾನೇ ಕತ್ತರಿಸ್ಕೊಂಡು ಬರ್ತಿದ್ದೆ ಮೇಡಂ."

ಅವಳು ಅಳುವುದನ್ನೂ ಮರೆತು ನಿಂತಳು. ಆತ ಬೋನನ್ನು ಹೊರಗಿಟ್ಟು ಬಂದ.

"ಡಾಕ್ಟರಮ್ಮಂಗೆ ನನ್ನ ತಪ್ಪೂ ಹೇಳ್ತೀನಿ, ಬೈಸ್ಕೊಳ್ತೀನಿ. ಅವನನ್ನ ಸಾಕೋಕೆ ನೀವೇ ಅರ್ಜಿ ಹಾಕಬಹುದು. ಆದ್ರೆ ಒಂದು ನಿಯಮ ಇದೆ... ಸಾಕೋರು ದಿನಾ ಅವನನ್ನ ಹೊರಗೆ ಸುತ್ತಾಡಿಸ್ಬೇಕು. ಹಗಲೆಲ್ಲ ಬೀಗ ಹಾಕಿರೋ ಮನೆಗೆ ನಾವು ಕೊಡಲ್ಲ."

ಅವಳು ಅಣ್ಣನ ಮುಂದೆ ಕೈ ಚಾಚಿದಳು.

"ಬೀಗದ ಕೈ ಕೊಡು ಅಣ್ಣ."

"ತಲೆ ಕೆಟ್ಟಿದೆಯಾ? ಜನ ಏನಂತಾರೆ!" ಅಣ್ಣ ಗದರಿದ.

"ಭೌ!"

ದೊರೆ ಯಂತ್ರದ ಅಡಿಯಿಂದ ಹೊರಬಂದು ಅವಳ ಮುಂದೆ ಅಡ್ಡ ನಿಂತಿದ್ದ. ಹುಟ್ಟಿದ ಮೇಲೆ ಮೊದಲ ಸಲ ಬೊಗಳಿದವನಂತೆ ತಾನೇ ಬೆಚ್ಚಿಬಿದ್ದಿದ್ದ.

ಅಣ್ಣ ಒಂದು ಹೆಜ್ಜೆ ಹಿಂದೆ ಸರಿದ. ತಂಗಿಯ ಮುಖ ನೋಡಿದ. "ಕಾವಲಿಗೆ ಅಂತ ತಂದ್ರೆ... ನನ್ನ ಮೇಲೇ ಕಾವಲಾ?" ಜೇಬಿಗೆ ಕೈ ಹಾಕಿದ. "ನಿನ್ನ ಒಳ್ಳೇದಕ್ಕೇ ಅನ್ಕೊಂಡಿದ್ದೆ ಕಣೇ..."

"ಗೊತ್ತು ಅಣ್ಣ." ಅವಳು ಅವನ ಕೈಯನ್ನು ಒಮ್ಮೆ ಗಟ್ಟಿಯಾಗಿ ಹಿಡಿದು ಬೀಗದ ಕೈ ತೆಗೆದುಕೊಂಡಳು.

ಗೇಟು ತೆರೆಯಿತು. ದೊರೆ ಹೊಸ್ತಿಲಲ್ಲೇ ನಿಂತುಬಿಟ್ಟ. ಅವಳೂ ನಿಂತಳು. ಎದುರಿಗೆ ಸಾಧಾರಣ ಬೀದಿ, ಸೈಕಲ್ ತಳ್ಳಿಕೊಂಡು ಹೋಗುವ ಮುದುಕ, ಯಾರದೋ ಮನೆಯ ರೇಡಿಯೋ. ಅಷ್ಟಕ್ಕೇ ಅವಳು ಗೇಟಿನ ಕಂಬಿ ಹಿಡಿದುಕೊಂಡಳು.

ಆತ ಗೇಟಿನಾಚೆ ಬೀದಿಯಲ್ಲಿ ಕುಕ್ಕರುಗಾಲಲ್ಲಿ ಕೂತ. "ಅವಸರ ಇಲ್ಲ... ಇಬ್ರಿಗೂ."

ಅವಳು ಕಣ್ಣು ಮುಚ್ಚಿ ಕಾಲು ಎತ್ತಿಟ್ಟಳು. ಪಕ್ಕದಲ್ಲೇ ನಾಲ್ಕು ಉಗುರುಗಾಲುಗಳ ಸದ್ದು ಕೇಳಿಸಿತು.

"ಇವತ್ತಿನ ಹಾಳೇಲಿ ಏನು ಬರೀಲಿ?" ಕೇಳಿದಳು.

"ನಿಜ ಬರೀರಿ."

"ಇನ್ನೂ ಹೆದರ್ತಾರೆ, ಇಬ್ರೂ... ಆದ್ರೆ ಹೊರಗೆ ಬಂದ್ರು."

ಆತ ಜೇಬಿನಿಂದ ಪೆನ್ನು ತೆಗೆದ. ಕಣ್ಣಲ್ಲಿ ನೀರಿತ್ತು. "ಕೊಡಿ. ಇದಕ್ಕೆ ಮನಸಾರೆ ಸಹಿ ಹಾಕ್ತೀನಿ."

"ಶನಿವಾರ ಬರ್ತೀರಲ್ಲ?"

"ನಾಳೆನೇ ಬರ್ತೀನಿ," ಎಂದ. "ಗುಂಡಿ ಎಲ್ಲಾ ಗಟ್ಟಿಯಾಗಿವೆ... ಪರವಾಗಿಲ್ವಾ?"