ಸಾತವ್ವನ ತಲೆ ಮೇಲಿನ ಬೆಳಕು

ಬಹಳ ಹಿಂದೆ, ನಮ್ಮಜ್ಜನ ಅಜ್ಜನಿಗೂ ಹಲ್ಲು ಹುಟ್ಟುವ ಮೊದಲು, ಮಿಂಚುಗಿರಿ ಅಂತ ಒಂದು ರಾಜ್ಯ ಇತ್ತು. ಅಲ್ಲಿ ಯಾರಿಗೆ ಕಷ್ಟ ಬಂದರೂ ಅವರ ತಲೆಯ ಮೇಲೆ ಗೇಣೆತ್ತರದಲ್ಲಿ ಒಂದು ಹಳದಿ ಬೆಳಕು ಬಂದು ನಿಲ್ಲುತ್ತಿತ್ತು. ಅದು ಆರುವ ತನಕ ಅವರು ಇದ್ದ ಜಾಗ ಬಿಟ್ಟು ಕದಲುವ ಹಾಗಿಲ್ಲ. ಶೂರನೊಬ್ಬ ಬಂದು ‘ಏನು ಕಷ್ಟ?’ ಅಂತ ಕೇಳಿದರೆ ಸಾಕು, ನೆಲದ ಮೇಲೆ ಬೆಳಕಿನ ಗೆರೆಯೊಂದು ಹರಿದು, ಹೋಗಬೇಕಾದ ಜಾಗಕ್ಕೆ ದಾರಿ ತೋರಿಸುತ್ತಿತ್ತು. ಜೊತೆಗೆ ಶೂರನ ಕಿವಿಯಲ್ಲಿ ಜಾಗಟೆ ಮೊಳಗುತ್ತಿತ್ತು. ಆಮೇಲೆ ಯಾರ ಮಾತು ಕೇಳಿಸಬೇಕು! ಓಡುತ್ತಿದ್ದರು, ಕಡಿಯುತ್ತಿದ್ದರು, ಬಂದು ‘ಆಯ್ತು’ ಅನ್ನುತ್ತಿದ್ದರು. ಬೆಳಕು ಆರುತ್ತಿತ್ತು.

ಈ ಏರ್ಪಾಡು ಮಾಡಿಕೊಟ್ಟವನು ಧೂಮಾಂಗ ಅನ್ನುವ ಮಾಂತ್ರಿಕ. ರಾಜ ಹಿಗ್ಗಿ ಹೀರೇಕಾಯಿಯಾಗಿ ಅವನಿಗೆ ಚಿನ್ನದ ಪೀಠ ಹಾಕಿಸಿದ. ಬಿಟ್ಟಿ ಉಪಕಾರ ಮಾಡುವ ಮಾಂತ್ರಿಕನನ್ನು ನೀವು ಎಲ್ಲಾದರೂ ಕಂಡಿದ್ದೀರಾ? ರಾಜನಿಗೆ ಅಷ್ಟು ಹೊಳೆಯಲಿಲ್ಲ, ಪಾಪ.

ರಾಜನ ಮಗ ಜಯಕೇತು ಶೂರರಲ್ಲೆಲ್ಲ ಶೂರ. ಬೆಳಕು ಕಂಡರೆ ತಟ್ಟೆಯಲ್ಲಿ ಅನ್ನ ಬಿಟ್ಟು ಏಳುವವನು. ಒಳ್ಳೆಯ ಹುಡುಗನೇ, ಸುಳ್ಳು ಯಾಕೆ ಹೇಳಲಿ! ಆದರೆ ಕಾಲಲ್ಲಿ ಚಕ್ರ. ಹುಟ್ಟಿದಾಗಿನಿಂದ ಯಾರ ಮಾತನ್ನೂ ಮುಗಿಯುವ ತನಕ ಕೇಳಿದವನಲ್ಲ.

ಒಂದು ದಿನ ಅವನು ಊರಾಚೆ ಒಂದು ಮನೆಯ ಜಗುಲಿ ಮೇಲೆ ಬೆಳಕು ಕಂಡ. ಬೆಳಕಿನ ಕೆಳಗೆ ಸಾತವ್ವ ಅನ್ನುವ ಮುದುಕಿ ಕೂತು ರಾಗಿ ಬೀಸುತ್ತಿದ್ದಳು.

“ಏನವ್ವಾ ಕಷ್ಟ?”

“ಆ ಬೆಟ್ಟದ ಗವಿಯಲ್ಲಿ ಒಂದು ಮೃಗ ಇದೆ ಕಣಪ್ಪ, ಅದು...”

ಗೆರೆ ಹರಿಯಿತು, ಜಾಗಟೆ ಮೊಳಗಿತು, ಹುಡುಗ ಓಡಿದ. ಮುದುಕಿ ಕೂಗಿದ್ದು ಕೂಗಿದ್ದೇ ಬಂತು.

ನಿಮಗೆ ಈಗಲೇ ಹೇಳಿಬಿಡುತ್ತೇನೆ. ಆ ಮೃಗ ಅವಳ ಮಗ. ಹೆಸರು ಕೆಂಚ. ಧೂಮಾಂಗನ ಮಾಟದಿಂದ ಅವನಿಗೆ ಕರಡಿಯ ಮೈ, ಕೋಣದ ಕೊಂಬು ಬಂದಿತ್ತು. ಅವನನ್ನು ಉಳಿಸಿಕೊಡಿ ಅಂತ ಕೇಳಲು ತಾಯಿ ಬಾಯಿ ತೆರೆದರೆ, ಕೊಲ್ಲಲು ದಾರಿ ಬೆಳಗುತ್ತಿತ್ತು. ಎಂಥ ಹಿಂಸೆ ನೋಡಿ ಹೆತ್ತ ಕರುಳಿಗೆ!

ಜಯಕೇತು ಮೃಗವನ್ನು ಬಡಿದು ಗವಿಯೊಳಕ್ಕೆ ಅಟ್ಟಿ, ಮುರಿದ ಕೊಂಬು ಹಿಡಿದು ಬಂದ. “ಆಯ್ತವ್ವ!” ಅಂದ. ಬೆಳಕು ಆರಲಿಲ್ಲ. ಮುದುಕಿ ಕೊಂಬನ್ನು ಎದೆಗೆ ಅವಚಿಕೊಂಡು ಅಳತೊಡಗಿದಳು. ಖುಷಿಗೆ ಅಳುತ್ತಿದ್ದಾಳೆ ಅಂದುಕೊಂಡ, ಪೆದ್ದ.

ಮಾರನೆಯ ದಿನ ಮತ್ತೆ ಬಂದ. ಈ ಸಲ ಸಾತವ್ವ ಬೇರೆ ತುದಿಯಿಂದ ಹಿಡಿದಳು. “ನನಗೊಬ್ಬ ಮಗ ಇದ್ದನಪ್ಪ...”

“ಗೊತ್ತಾಯ್ತು ಬಿಡವ್ವ! ಮೃಗ ಅವನನ್ನು ತಿಂದಿದೆ. ಸೇಡು ತೀರಿಸ್ತೀನಿ!”

ಓಡಿಯೇ ಓಡಿದ. ಮೃಗದ ಕಾಲಿಗೆ ಬಾಣ ಬಿಟ್ಟು ಬಂದ. ಬೆಳಕು ಆರಲಿಲ್ಲ.

ಮೂರನೆಯ ದಿನ ಬಂದವನಿಗೆ ಮುಖವೆಲ್ಲ ಕೆಂಪು. ಅವನು ‘ಆಯ್ತು’ ಅಂದಮೇಲೆ ಆರದ ಬೆಳಕು ಇದೊಂದೇ, ಊರಲ್ಲಿ ಜನ ಮುಸಿಮುಸಿ ನಗುತ್ತಿದ್ದರು. “ಇವತ್ತು ತಲೆಯನ್ನೇ ತರ್ತೀನಿ. ಆಮೇಲೆ ಅದು ಹೇಗೆ ಆರಲ್ಲ ನೋಡೋಣ!”

ಸಾತವ್ವ ಅವನ ಶಲ್ಯದ ತುದಿ ಗಟ್ಟಿಯಾಗಿ ಹಿಡಿದುಕೊಂಡಳು. “ನಿನ್ನ ದಮ್ಮಯ್ಯ ಕಣಪ್ಪ, ಕೂತ್ಕೋ.”

“ಕೂತು ಏನು ಮಾಡಲಿ?”

“ಕೇಳು.”

“ಕಾಲು ನಿಲ್ಲಲ್ಲವ್ವ. ಗೆರೆ ಎಳೆಯುತ್ತೆ, ಜಾಗಟೆ ಕಿವಿ ಕಿತ್ತು ಹೋಗೋ ಹಾಗೆ ಹೊಡೆಯುತ್ತೆ.”

ಮುದುಕಿ ಬೀಸುಕಲ್ಲಿನ ಗೂಟವನ್ನು ಅವನ ಕೈಗೆ ಕೊಟ್ಟಳು. “ಇದನ್ನು ತಿರುಗಿಸು. ಕೈಗೆ ಕೆಲಸ ಇದ್ದರೆ ಕಾಲು ಸುಮ್ಮನಿರುತ್ತೆ.”

ರಾಜಕುಮಾರ ರಾಗಿ ಬೀಸತೊಡಗಿದ. ಕಲ್ಲು ಗರಗರ ಅಂತು. ಗೆರೆ ಒಮ್ಮೆ ಭಗ್ಗೆಂದಿತು. ಅವನು ಬೀಸಿದ. ಜಾಗಟೆ ಒಮ್ಮೆ ಜೋರಾಯಿತು. ಅವನು ಇನ್ನೂ ಜೋರಾಗಿ ಬೀಸಿದ. ಕಲ್ಲಿನ ಸದ್ದಿನಲ್ಲಿ ಜಾಗಟೆ ಮುಳುಗಿಹೋಯಿತು. ಸಾತವ್ವ ಹಿಡಿಹಿಡಿ ರಾಗಿ ಸುರಿಯುತ್ತ, ಅವನ ಕಿವಿಗೆ ಬಾಯಿ ಹಚ್ಚಿ ಮೊದಲಿನಿಂದ ಹೇಳಿದಳು.

ಕೆಂಚ ಎಳೆಯವನಿದ್ದಾಗ ಕಪ್ಪೆ ಕಂಡರೆ ಅವ್ವನ ಸೆರಗಿನೊಳಗೆ ನುಗ್ಗುತ್ತಿದ್ದದ್ದನ್ನು ಹೇಳಿದಳು. ಬೆಲ್ಲ ಕದ್ದು ತಿಂದು, ಇರುವೆ ತಿಂತು ಅಂದದ್ದನ್ನು ಹೇಳಿದಳು. ಧೂಮಾಂಗ ಬೆಳಕಿನ ಏರ್ಪಾಡು ತಂದ ದಿನ, ತುಂಬಿದ ಸಭೆಯಲ್ಲಿ ಕೆಂಚನೊಬ್ಬನೇ ಎದ್ದು ನಿಂತು, “ದಾರಿ ನೀನೇ ತೋರಿಸಿಬಿಟ್ಟರೆ, ಏನಾಯ್ತು ಅಂತ ನಮ್ಮನ್ನು ಕೇಳೋರು ಯಾರು ಸ್ವಾಮಿ?” ಅಂದದ್ದನ್ನು ಹೇಳಿದಳು. ಊರೆಲ್ಲ ತಾನು ತೋರಿಸಿದ ಕಡೆಗೇ ಓಡಲಿ ಅನ್ನುವ ತನ್ನ ಹಂಚಿಕೆ ಬಯಲಾಯಿತಲ್ಲ ಅಂತ ಧೂಮಾಂಗ ಮೈಯೆಲ್ಲ ಉರಿದು ಶಾಪ ಕೊಟ್ಟನಂತೆ: “ನಿನ್ನ ಕತೆಯನ್ನು ಯಾವನಾದರೂ ಪೂರ್ತಿ ಕೇಳಿ, ನಿನ್ನೆದುರು ಪೂರ್ತಿ ಹೇಳಲಿ, ಆವತ್ತು ನೀನು ಮನುಷ್ಯ, ನಾನು ಹೊಗೆ!” ಅಂಥವನು ಈ ರಾಜ್ಯದಲ್ಲಿ ಇನ್ನು ಹುಟ್ಟುವುದಿಲ್ಲ ಅಂತ ನಕ್ಕನಂತೆ.

ರಾಗಿ ಮುಗಿಯಿತು, ಮಾತೂ ಮುಗಿಯಿತು. ಜಯಕೇತು ಬೀಸುಕಲ್ಲಿನ ಗೂಟ ಬಿಟ್ಟ. “ಅಯ್ಯೋ ಅವ್ವಾ, ನಿನ್ನ ಮಗನ ಮೇಲೆ ಕೈ ಮಾಡಿದೆನಲ್ಲೇ!” ಅಂತ ಗೋಳೋ ಅಂದ. ಕತ್ತಿ, ಬಿಲ್ಲು ಎರಡನ್ನೂ ಜಗುಲಿ ಮೇಲೆ ಇಟ್ಟು ಬರಿಗೈಯಲ್ಲಿ ಗವಿಗೆ ನಡೆದ.

ಮೃಗ ಅವನನ್ನು ಕಂಡು ಗುರ್ ಅಂತು. ಅನ್ನದೆ ಏನು? ಕುಂಟಿಕೊಂಡೇ ಮೇಲೆ ಬಿತ್ತು, ಉಗುರು ಎದೆಗೆ ಊರಿತು. ಅವನು ಕಣ್ಣು ಮುಚ್ಚಿ, “ಕೆಂಚಾ, ನಿನಗೆ ಕಪ್ಪೆ ಕಂಡರೆ ಆಗಲ್ಲವಂತೆ” ಅಂದ. ಮೃಗ ಹಾಗೇ ನಿಂತುಬಿಟ್ಟಿತು. ಅವನು ಹೇಳುತ್ತ ಹೋದ.

ಧೂಮಾಂಗನಿಗೆ ಪೀಠದ ಮೇಲೆಯೇ ಬೆವರಿಳಿಯಿತು. ಅಲ್ಲಿಂದಲೇ ಗವಿಯ ಬಾಯಲ್ಲಿ ಒಂದು ಗೆರೆ ಹರಿಸಿ, ಜಯಕೇತುವಿನ ಕಿವಿಯಲ್ಲಿ “ಅಲ್ಲಿ ನಿಧಿ ಇದೆ, ಓಡು!” ಅಂದ. ಜಯಕೇತು ಹೇಳುವುದನ್ನು ಬಿಡಲಿಲ್ಲ. ಎರಡನೆಯ ಗೆರೆ ಹರಿಸಿ, “ನಿನ್ನ ಅರಮನೆಗೆ ಬೆಂಕಿ ಬಿದ್ದಿದೆ, ಓಡು!” ಅಂದ. ಜಯಕೇತು ಒಂದು ಉಸಿರು ನಿಲ್ಲಿಸಿದ, ಮತ್ತೆ ಹೇಳಿದ. ಮೂರನೆಯ ಗೆರೆ ಸಾತವ್ವನ ಮನೆಯ ಕಡೆಗೇ ಹರಿಯಿತು. “ಮುದುಕಿ ಸಾಯ್ತಿದ್ದಾಳೆ, ಓಡೋ!”

ಹುಡುಗನ ಕಾಲು ಎದ್ದೇಬಿಟ್ಟಿತು. ಕಣ್ಣಲ್ಲಿ ಧಾರಾಕಾರ ನೀರು. ಆದರೂ ಗವಿಯ ಬಂಡೆಕಲ್ಲನ್ನು ಅವಚಿಕೊಂಡು ಕೂತ. “ಅವಳ ಮಾತನ್ನು ಎರಡು ಸಲ ಅರ್ಧಕ್ಕೆ ಬಿಟ್ಟೆ. ಮೂರನೇ ಸಲ ಬಿಡಲಾರೆ” ಅಂದು ಬಿಕ್ಕುತ್ತಲೇ ಹೇಳಿ ಮುಗಿಸಿದ: “ಕೆಂಚಾ, ನಿನ್ನವ್ವ ಜಗುಲಿ ಮೇಲೆ ನಿನ್ನ ದಾರಿ ಕಾಯ್ತಾ ಇದ್ದಾಳೆ. ಇಷ್ಟೇ ಕಣೋ ಕತೆ.”

ಕೊಂಬು ಕಳಚಿತು, ಕೂದಲು ಉದುರಿತು. ಅತ್ತ ಅರಮನೆಯಲ್ಲಿ ಧೂಮಾಂಗ ಹೊಗೆಯಾಗಿ ಕಿಟಕಿಯಿಂದ ಆಚೆ ಹೋದ. ಬೆಂಕಿಯೂ ಇಲ್ಲ, ಸಾವೂ ಇಲ್ಲ, ಎಲ್ಲ ಬುರುಡೆ. ರಾಜ್ಯದ ಹಳದಿ ಬೆಳಕುಗಳೆಲ್ಲ ಒಟ್ಟಿಗೆ ಆರಿದವು. ಕೂತಲ್ಲೇ ಕೂತಿದ್ದ ಜನ ಕಾಲು ಜಾಡಿಸಿಕೊಂಡು ಎದ್ದರು.

ಕೆಂಚನ ಹಣೆಯ ಮೇಲೆ ಗಾಯ ಇತ್ತು, ಕಾಲು ಕುಂಟುತ್ತಿತ್ತು. ಜಯಕೇತು ಅವನ ಪಾದ ಹಿಡಿದ. “ನಾನೇ ಹೊಡೆದದ್ದು.”

“ಗೊತ್ತು ಮಾರಾಯ. ಚೆನ್ನಾಗೇ ನೋಯ್ತು” ಅಂದ ಕೆಂಚ. “ಆದರೆ ನನ್ನ ಹೆಸರು ಹಿಡಿದು ಕರೆದವನೂ ನೀನೇ. ಏಳು, ಹೆಗಲು ಕೊಡು, ಅವ್ವನ ಹತ್ತಿರ ಹೋಗೋಣ.”

ಅವರು ಬೆಟ್ಟ ಇಳಿಯುವಷ್ಟರಲ್ಲಿ ಸಾತವ್ವ ತಲೆಗೂದಲು ಕೆದರಿಕೊಂಡು ಎದುರಿಗೆ ಓಡಿ ಬರುತ್ತಿದ್ದಳು. ಮಗನ ಕೆನ್ನೆ, ಹಣೆ, ಕೈ ಎಲ್ಲವನ್ನೂ ಮುಟ್ಟಿಮುಟ್ಟಿ ನೋಡಿದಳು. ಆಮೇಲೆ ರಾಜಕುಮಾರನನ್ನೂ ಎಳೆದು ತಬ್ಬಿಕೊಂಡಳು. “ಪೂರ್ತಿ ಕೇಳಿದೆಯಲ್ಲೋ ನನ್ನಪ್ಪ! ನಿನ್ನ ಹೊಟ್ಟೆ ತಣ್ಣಗಿರಲಿ.”

“ಕೂರಿಸಿ ಹೇಳಿದೆಯಲ್ಲ ಅವ್ವ, ನಾನೇ ನಿನ್ನ ಕಾಲಿಗೆ ಬೀಳಬೇಕು” ಅಂದ ಅವನು, ಬಿದ್ದೂ ಬಿದ್ದ.

ಮಿಂಚುಗಿರಿಯವರು ಅವತ್ತಿನಿಂದ ದಾರಿಯನ್ನು ಒಬ್ಬರನ್ನೊಬ್ಬರು ಕೇಳಿಕೊಂಡು ಹೋದರು, ತಡವಾಗಿ ಮುಟ್ಟಿದರು, ನೆಮ್ಮದಿಯಾಗಿ ಬಾಳಿದರು. ಇನ್ನು ನೀವು. ಎಷ್ಟೋ ಕೆಲಸ ಬಿಟ್ಟು, ಮಧ್ಯೆ ಎದ್ದು ಹೋಗದೆ, ಈ ಮುದುಕನ ಮಾತನ್ನು ಕಡೇತನಕ ಕೂತು ಕೇಳಿದಿರಲ್ಲ. ನಿಮ್ಮ ಹೊಟ್ಟೆಯೂ ತಣ್ಣಗಿರಲಿ.