ಸೂಲಗಿತ್ತಿಯ ಪುಟ ಕತ್ತರಿಸಿದವರು ಯಾರು?

"ಪುಟ ಇಲ್ಲ ಮೇಡಂ! ಯಾರೋ ಕತ್ತರಿಸ್ಕೊಂಡು ಹೋಗಿದಾರೆ!"

ನರ್ಸ್ ಕೂಗಿದ್ದಕ್ಕೆ ಗ್ರಂಥಪಾಲಕಿ ಓಡಿಬಂದಳು. ಹಳೆಯ ಪತ್ರಿಕೆಗಳ ಆ ಸಂಪುಟಕ್ಕೆ ಅವಳೇ ಹೊಣೆ.

ನರ್ಸ್ ತನ್ನ ತೀರಿಹೋದ ಅಜ್ಜಿಯ ಬಗ್ಗೆ ಅಂತರ್ಜಾಲದ ವಿಶ್ವಕೋಶಕ್ಕೆ ಲೇಖನ ಬರೆದಿದ್ದಳು. ಅಜ್ಜಿ ಸೂಲಗಿತ್ತಿ, ಊರಿನ ಮೊದಲ ಹೆರಿಗೆಮನೆ ತೆರೆದವಳು. ಮನೆಯವರ ಮಾತು ಸಾಲದು, ಹೊರಗಿನವರು ಬರೆದು ಅಚ್ಚಾದ ಆಧಾರ ಬೇಕೆಂದು ಅಲ್ಲಿನ ಸಂಪಾದಕರು ಎರಡು ಸಲ ವಾಪಸು ಕಳಿಸಿದ್ದರು. ನಿನ್ನೆ ಸಂಜೆ ಬಾಗಿಲು ಮುಚ್ಚುವ ಹೊತ್ತಿಗೆ ಅಜ್ಜಿಯ ಕುರಿತ ವರದಿ ಸಿಕ್ಕಿತ್ತು. ಚಿತ್ರ ತೆಗೆಯೋಣವೆಂದರೆ ಫೋನಿನ ಚಾರ್ಜ್ ಮುಗಿದಿತ್ತು. ತಲೆಬರಹವಷ್ಟೇ ಓದಿ, ಖುಷಿಗೆ ಕೂಗಿ, ತಾಯಿಗೆ ಹೇಳಲು ಮನೆಗೆ ಓಡಿದ್ದಳು.

"ಸೋಮವಾರದೊಳಗೆ ಆಧಾರ ಕೊಡದಿದ್ರೆ ಅಳಿಸಿಹಾಕ್ತಾರೆ. ಇನ್ನು ನಾಲ್ಕೇ ದಿನ!"

ಗ್ರಂಥಪಾಲಕಿ ಕೂತಲ್ಲಿ ಕೂರಲಾರದೆ, ಮೂಲೆಯ ಮೇಜಿನ ಕರಡು ತಾತನ ಬಳಿಗೆ ಹೋದಳು. ಮುದ್ರಣಾಲಯದಲ್ಲಿ ನಲವತ್ತು ವರ್ಷ ಕರಡು ತಿದ್ದಿದ್ದ ಅವರ ಕಣ್ಣಿಗೆ ಬೀಳದ ತಪ್ಪಿರಲಿಲ್ಲ. ಗ್ರಂಥಾಲಯದಲ್ಲಿ ಏನೇ ಕಳೆದರೂ ಹುಡುಕಿಕೊಡುತ್ತಿದ್ದವರು ಅವರೇ.

"ಬೆಳಿಗ್ಗೆ ಒಳಗೆ ಬಂದೋರು ಯಾರಮ್ಮ?"

"ಮೂರೇ ಜನ ತಾತ. ಬೈಂಡಿಂಗ್ ಮಾಡೋರು. ಕೈ ಮುರಿದು ಬಲಗೈಗೆ ಪ್ಲಾಸ್ಟರ್ ಹಾಕಿರೋ ಡಾಕ್ಟರು. ಮಗಳು ಮರೆತ ಛತ್ರಿ ತಗೊಂಡು ಹೋಗೋಕೆ ಇವಳ ತಾಯಿ, ಅದೇ ಟೈಲರಮ್ಮ."

"ಡಾಕ್ಟರೇ ಇರ್ಬೇಕು! ಹೆರಿಗೆಮನೆ ತೆರೆದದ್ದು ಅವರಪ್ಪ ಅಂತ ಅದೇ ವಿಶ್ವಕೋಶದಲ್ಲಿದೆ," ಎಂದಳು ನರ್ಸ್.

ತಾತ ಕತ್ತರಿಸಿದ ಅಂಚನ್ನು ದಿಟ್ಟಿಸಿದರು. ಬೆರಳಗಲಕ್ಕೊಂದರಂತೆ ಸಣ್ಣ ಮೆಟ್ಟಿಲುಗಳು. ಪಕ್ಕದ ಪುಟದ ಮೇಲೆ ಮಸುಕಾದ ನೀಲಿ ಪುಡಿ. ಒರೆಸಿ ನೋಡಿ, "ನಾಲ್ಕು ಗಂಟೆಗೆ ಎಲ್ಲರನ್ನೂ ಕರೆಸು," ಎಂದರು.

ನಾಲ್ಕರವರೆಗೆ ಗ್ರಂಥಪಾಲಕಿ ಕಪಾಟಿನಿಂದ ಕಪಾಟಿಗೆ ಸುತ್ತಿದಳು. ಎಲ್ಲರೂ ಸೇರಿದಾಗ ಡಾಕ್ಟರು ಸಿಡುಕಿದರು: "ನನ್ನನ್ನ ಕಳ್ಳ ಅಂತೀರಾ?"

"ಇಲ್ಲ ಸ್ವಾಮಿ. ಬಲಗೈ ಕಟ್ಟಿಹಾಕಿಕೊಂಡು ಇಷ್ಟು ನೇರವಾಗಿ ಕತ್ತರಿಸೋಕಾಗಲ್ಲ. ಬೈಂಡಿಂಗ್ ಮಾಡೋರು ಚಾಕುವಿನಲ್ಲಿ ಒಂದೇ ಎಳೆತಕ್ಕೆ ಕೊಯ್ತಾರೆ. ಈ ಮೆಟ್ಟಿಲು ಸಣ್ಣ ಕತ್ತರೀದು. ಕತ್ತರಿಸೋ ಮುಂಚೆ ಬಟ್ಟೆಗೆ ಗುರುತು ಹಾಕೋ ನೀಲಿ ಸೀಮೆಸುಣ್ಣದಲ್ಲಿ ಗೆರೆ ಎಳೆದಿದಾರೆ. ಅವಸರದಲ್ಲೂ ಗೆರೆ ಎಳೀದೆ ಕತ್ತರಿ ಹಾಕೋಕೆ ಕೈ ಬರದೋರು ಯಾರು?" ತಾತನ ದನಿ ಮೆತ್ತಗಾಯಿತು. "ಯಾಕಮ್ಮ ಹೀಗೆ ಮಾಡಿದೆ?"

ಟೈಲರಮ್ಮ ಚೀಲದಿಂದ ಮಡಿಸಿದ ಹಾಳೆ ತೆಗೆದು ಮಗಳ ಮುಂದಿಟ್ಟಳು.

"ವರದಿಗಾರರು ಬಂದಾಗ ನನಗೆ ಎಂಟು ವರ್ಷ. ಅಮ್ಮ ಅವರಿಗೆ ಎಲ್ಲಾ ಹೇಳಿದ್ಲು. ಹೆರಿಗೆಮನೆ ಬಾಗಿಲಲ್ಲಿ ಯಾರೋ ಬಿಟ್ಟುಹೋದ ಕೂಸು ನಾನು. ಇಷ್ಟು ದಿನ ಮುಚ್ಚಿಟ್ಟೆ. ಅವಳು ನಿನ್ನಜ್ಜಿ ಅಲ್ಲ ಅಂತ ನೀನು ಇದರಲ್ಲಿ ಓದಿಬಿಟ್ರೆ..."

ನರ್ಸ್ ಹಾಳೆಯನ್ನು ಕೊನೆಯ ಸಾಲಿನವರೆಗೂ ಓದಿದಳು. ಆಮೇಲೆ ತಾಯಿಯ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು, "ಇದನ್ನ ಬರೀಲಾ, ಬಿಡ್ಲಾ? ನೀನೇ ಹೇಳಮ್ಮ," ಎಂದಳು.

ತಾಯಿ ಹಾಳೆಯ ಮಡಿಕೆಗಳನ್ನು ಅಂಗೈಯಿಂದ ಸವರಿ ನೇರ ಮಾಡಿದಳು. "ಬರಿ. ಆದರೆ ಸಾಕುಮಗಳು ಅನ್ನಬೇಡ. ಮಗಳು ಅಂತ ಬರಿ."

"ಅದಕ್ಕೂ ಆಧಾರ ಕೇಳ್ತಾರಲ್ಲ!" ಎಂದು ಚಡಪಡಿಸಿದಳು ಗ್ರಂಥಪಾಲಕಿ.

ತಾತ ವರದಿಯ ಕಡೆಯ ಸಾಲಿನ ಮೇಲೆ ಬೆರಳಿಟ್ಟರು. ಸೂಲಗಿತ್ತಿಯ ಮಾತು ಉದ್ಧರಣ ಚಿಹ್ನೆಗಳ ನಡುವೆ ಅಚ್ಚಾಗಿತ್ತು: "ಇವಳು ನನ್ನ ಮಗಳು. ಹಾಗೇ ಬರೆದುಕೊಳ್ಳಿ."

ಭಾನುವಾರ ಲೇಖನ ಒಪ್ಪಿಗೆಯಾಯಿತು.